ಅಂಕಿತ, ಅಜ್ಞಾತತೆ ಮತ್ತು ಒಡೆಯನಿಲ್ಲದ ವಾಗ್ಜಾಲ

ಒಬ್ಬನೇ ಒಡೆಯನಿಲ್ಲದ ಜಾಲದಲ್ಲಿ ಮಾತನಾಡುವವನ ಗೋಪ್ಯವು ತಾನಾಗಿಯೇ ರಕ್ಷಿತವಾಗುವುದೆಂಬ ಮತವು ಈಚೆಗೆ ವಿದ್ಯಾವಂತರಲ್ಲಿ ಪ್ರಬಲವಾಗುತ್ತಿದೆ. ಇದರ ಬಲಾಬಲವನ್ನು ಯಂತ್ರಜ್ಞರೇ ವಿಚಾರಿಸಲೆಂದು ಸಾಹಿತ್ಯಪಂಡಿತರು ಸುಮ್ಮನಿರುವುದು ಯುಕ್ತವಲ್ಲ. ಏಕೆಂದರೆ ಒಡೆಯನಿಲ್ಲದೆ ಊರಿಂದೂರಿಗೆ ಹರಡಿದ ಮಾತಿನ ಪರಂಪರೆಯೊಂದು ಕನ್ನಡದಲ್ಲಿ ಶತಮಾನಗಳಿಂದ ನಡೆದುಬಂದಿದೆ. ಅದರ ಗುಣದೋಷಗಳೆರಡೂ ಪರೀಕ್ಷಕರ ಕಣ್ಣಮುಂದೆಯೇ ಇವೆ. ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರುಗಳ ಸೀಮೆಯೊಂದನ್ನೇ ತೆಗೆದುಕೊಂಡರೂ ವಿಚಾರಕ್ಕೆ ಬೇಕಾದ ಉದಾಹರಣೆಗಳೆಲ್ಲವೂ ದೊರೆಯುವುವು.

ಮೊದಲು ಜಾಲದ ಸ್ವರೂಪವನ್ನು ಸಂಕ್ಷೇಪವಾಗಿ ಹೇಳಬೇಕು. 2016ರಲ್ಲಿ ಹೊರಬಂದ ಮ್ಯಾಸ್ಟೊಡಾನ್ ಎಂಬುದರಲ್ಲಿ ಎಲ್ಲರ ಮಾತುಗಳೂ ಒಂದೇ ಸಂಸ್ಥೆಯ ಉಗ್ರಾಣವನ್ನು ಸೇರುವುದಿಲ್ಲ. ಬೇರೆಬೇರೆಯವರು ನಡೆಸುವ ಅನೇಕ ಸರ್ವರ್‌ಗಳು ಸಮಾನವಾದೊಂದು ನಿಯಮಕ್ಕೆ ಒಳಪಟ್ಟು ಪರಸ್ಪರ ವ್ಯವಹರಿಸುತ್ತವೆ. ಆಕ್ಟಿವಿಟಿಪಬ್ ಎಂಬ ಆ ನಿಯಮವು 2018ರ ಜನವರಿಯಲ್ಲಿ ಪ್ರಮಾಣೀಕೃತವಾಯಿತು. 2019ರ ನವೆಂಬರಿನಲ್ಲಿ ಟ್ವಿಟ್ಟರ್ ಸಂಸ್ಥೆಯ ನಡವಳಿಕೆಗೆ ಬೇಸತ್ತು ಭಾರತದ ಅನೇಕರು ಇದರತ್ತ ತಿರುಗಿದರು. ಇಲ್ಲಿ ಬಳಕೆದಾರನ ಗುರುತಿಗೆ ಎರಡು ಅಂಗಗಳುಂಟು: ತಾನೇ ಇಟ್ಟುಕೊಂಡ ಹೆಸರು ಒಂದು, ತಾನು ನೆಲಸಿದ ಸರ್ವರಿನ ಹೆಸರು ಮತ್ತೊಂದು.

ಈ ದ್ವ್ಯಂಗವಾದ ಗುರುತು ಕನ್ನಡಿಗರಿಗೆ ಹೊಸದಲ್ಲ. ಶಿಗ್ಗಾಂವಿಯ ಬಾಡದಲ್ಲಿ ಹುಟ್ಟಿದ ಕನಕದಾಸರು ಕಾಗಿನೆಲೆಯ ಆದಿಕೇಶವನ ಹೆಸರಿನಲ್ಲಿ ತಮ್ಮ ಕೀರ್ತನೆಗಳನ್ನು ಮುಗಿಸಿದರು. ಅದೇ ತಾಲೂಕಿನ ಶಿಶುವಿನಹಾಳದ ಶರೀಫರು (1819–1889) ಶಿಶುನಾಳಾಧೀಶನ ಹೆಸರಿನಲ್ಲಿ ಹಾಡಿದರು. ಎರಡೆಡೆಯಲ್ಲಿಯೂ ಕವಿಯ ಸ್ವಂತ ಹೆಸರು ಹಿಂದೆ ಸರಿದು, ದೈವವೂ ಸ್ಥಳವೂ ಮುಂದೆ ನಿಂತಿವೆ. ಅಂಕಿತವು ಮಾತಾಡಿದವನ ಕುಲವನ್ನು ಕೇಳುವುದಿಲ್ಲ, ಮಾತು ಹೊರಟ ನೆಲೆಯನ್ನು ಮಾತ್ರ ತಿಳಿಸುತ್ತದೆ. ಸವಣೂರಿನ ನವಾಬರ ನೆರೆಯ ನಾಡಿನಲ್ಲಿ ಮುಸಲ್ಮಾನರ ಮನೆಯಲ್ಲಿ ಹುಟ್ಟಿ, ಕಳಸದ ಗೋವಿಂದಭಟ್ಟರ ಶಿಷ್ಯರಾದ ಶರೀಫರ ಪದಗಳು ಎಲ್ಲ ಮತದವರ ಭಜನೆಯಲ್ಲಿಯೂ ಸೇರಿದುದಕ್ಕೆ ಈ ಗುಣವೂ ಒಂದು ಕಾರಣವೆನ್ನಬಹುದು.

ಸರ್ವಜ್ಞನ ಸ್ಥಿತಿಯು ಇದಕ್ಕಿಂತ ಭಿನ್ನವಾದುದು. ಹಿರೇಕೆರೂರು ಸೀಮೆಯ ಅಬಲೂರು, ಮಾಸೂರುಗಳೊಡನೆ ಜನರು ಅವನ ಹೆಸರನ್ನು ಕೂಡಿಸುವರಾದರೂ ಅವನ ಅಂಕಿತದಲ್ಲಿ ಊರಿಲ್ಲ. ಅದೊಂದು ಬರಿಯ ವಿಶೇಷಣ. ನೆಲೆಯಿಲ್ಲದ ಅಂಕಿತವನ್ನು ಯಾರಾದರೂ ಧರಿಸಬಹುದು. ಮೂರು ಸಾಲುಗಳನ್ನು ಕಟ್ಟಬಲ್ಲ ಯಾವನೇ ಆಗಲಿ ಕೊನೆಯಲ್ಲಿ ಆ ಪದವನ್ನಿರಿಸಿದರೆ ಅದು ಸರ್ವಜ್ಞನ ವಚನವಾಗಿಯೇ ನಡೆಯಿತು. ಉತ್ತಂಗಿ ಚನ್ನಪ್ಪನವರು ಊರೂರು ತಿರುಗಿ ಕೂಡಿಸಿ 1924ರಲ್ಲಿ ಪ್ರಕಟಿಸಿದ ಸಂಕಲನವು ಕನ್ನಡಕ್ಕೆ ಮಹೋಪಕಾರವನ್ನು ಮಾಡಿತು. ಅದಿಲ್ಲದಿದ್ದರೆ ಎಷ್ಟೋ ತ್ರಿಪದಿಗಳು ಬಾಯಲ್ಲಿಯೇ ಅಳಿದುಹೋಗುತ್ತಿದ್ದುವು. ಆದರೆ ಚದರಿದ್ದುದು ಒಂದೆಡೆ ಸೇರಿದೊಡನೆ ಓದುಗರಿಗೆ ಅದೆಲ್ಲವೂ ಒಬ್ಬನ ಮಾತೆಂಬ ಭಾವನೆ ಬಲಿಯಿತೆಂಬುದನ್ನೂ ಒಪ್ಪಬೇಕು.

ಇಲ್ಲಿ ನಿಜವಾಗಿ ನೊಂದವನು ಕವಿಯೇ. ತನ್ನ ಹೆಸರನ್ನು ಮುಚ್ಚಿಟ್ಟವನಿಗೆ ಲೋಕವು ಒಂದು ಜನ್ಮವೃತ್ತಾಂತವನ್ನು ಕಟ್ಟಿಕೊಟ್ಟಿತು: ತಂದೆ ಬಸವರಸನೆಂಬ ಬ್ರಾಹ್ಮಣ, ತಾಯಿ ಕುಂಬಾರತಿ, ಊರು ಅಬಲೂರು ಎಂದು. ಇದನ್ನು ಹೇಳುವ ತ್ರಿಪದಿಗಳು ಅವನ ಅಂಕಿತದಲ್ಲಿಯೇ ಇವೆ. ಅವು ಪ್ರಕ್ಷಿಪ್ತವೆಂದು ಶಂಕಿಸಿದ ವಿದ್ವಾಂಸರು ಅನೇಕರು; ಆದರೂ ಶಾಲೆಯ ಪಾಠದಲ್ಲಿ ಆ ಕಥೆಯೇ ಮೊದಲು ಬರುವುದು. ಅಜ್ಞಾತನಾಗಿರುವುದಕ್ಕೂ ಗೋಪ್ಯವನ್ನು ಉಳಿಸಿಕೊಳ್ಳುವುದಕ್ಕೂ ಇರುವ ಅಂತರವು ಇದರಿಂದ ಸ್ಪಷ್ಟವಾಗುತ್ತದೆ. ಹೆಸರನ್ನು ಮರೆಸಿದವನ ವಿಷಯದಲ್ಲಿ ಜನರ ಕುತೂಹಲವು ಹೆಚ್ಚುವುದೇ ಹೊರತು ಕುಗ್ಗದು.

ಹಾಗಾದರೆ ಮಾತನ್ನು ಒಬ್ಬ ಒಡೆಯನ ವಶದಲ್ಲಿಡುವುದೇ ಲೇಸೆಂದರೆ, ಅದಕ್ಕೂ ಇದೇ ಸೀಮೆಯಲ್ಲಿ ಸಾಕ್ಷ್ಯವುಂಟು. ಹಾನಗಲ್ಲಿನ ಕದಂಬರ ಕಾಲದಿಂದ ಇಲ್ಲಿ ಶಿಲಾಶಾಸನಗಳು ವಿಪುಲವಾಗಿವೆ. ಕಲ್ಲಿನ ಮಾತು ಬಾಯಿಂದ ಬಾಯಿಗೆ ಬದಲಾಗದು, ನಿಜ. ಆದರೆ ಅಬಲೂರಿನ ಸೋಮೇಶ್ವರ ದೇವಾಲಯದ, ಸುಮಾರು 1200ನೆಯ ಇಸವಿಯ ಶಾಸನವನ್ನು ನೋಡಬೇಕು. ಏಕಾಂತದ ರಾಮಯ್ಯನು ಜೈನರೊಡನೆ ಪಣವೊಡ್ಡಿ, ತಲೆಯನ್ನರಿದುಕೊಂಡು ಮರಳಿ ಪಡೆದು, ಬಿಜ್ಜಳನಿಂದ ಜಯಪತ್ರವನ್ನು ಪಡೆದನೆಂದು ಅದು ವಿಸ್ತಾರವಾಗಿ ಹೇಳುತ್ತದೆ. ಸೋತವರು ಏನು ಹೇಳಿದರೆಂಬುದಕ್ಕೆ ಆ ಕಲ್ಲಿನಲ್ಲಿ ಎಡೆಯಿಲ್ಲ. ಏಕಸ್ವಾಮ್ಯದಲ್ಲಿ ಪಾಠವು ಸ್ಥಿರವಾಗುವುದು. ಆದರೆ ಯಾರ ಮಾತು ಉಳಿಯಬೇಕೆಂಬ ನಿರ್ಣಯವು ಕಲ್ಲಿನ ಒಡೆಯನದಾಗುವುದು. ಆದುದರಿಂದ ಒಡೆಯನಿಲ್ಲದ ಜಾಲವನ್ನು ಬಯಸುವವರ ಬಯಕೆ ನಿರ್ಮೂಲವಾದುದಲ್ಲ.

ಇಲ್ಲಿ ಪೂರ್ವಪಕ್ಷವೊಂದು ಏಳುತ್ತದೆ. ಹಳೆಯ ಅಂಕಿತವನ್ನು ಯಾರಾದರೂ ಕದಿಯಬಹುದಾಗಿತ್ತು. ಹೊಸ ಜಾಲದಲ್ಲಿ ಒಂದು ಸರ್ವರ್ ಇನ್ನೊಂದಕ್ಕೆ ಕಳುಹುವ ಮಾತಿಗೆ ಗಣಿತದ ಮುದ್ರೆಯುಂಟು, ಆದಕಾರಣ ಪ್ರಕ್ಷೇಪಕ್ಕೆ ಅವಕಾಶವಿಲ್ಲವೆಂದು. ಈ ಮಾತು ಅರ್ಧ ಸತ್ಯ. ಮುದ್ರೆಯು ಮಾತು ಯಾವ ನೆಲೆಯಿಂದ ಬಂದಿತೆಂಬುದನ್ನು ಸ್ಥಾಪಿಸುವುದೇ ಹೊರತು ಮುದ್ರೆ ಯಾರ ಕೈಯಲ್ಲಿದೆಯೆಂಬುದನ್ನಲ್ಲ. ವಿಶಾಖದತ್ತನ ಮುದ್ರಾರಾಕ್ಷಸದಲ್ಲಿ ರಾಕ್ಷಸನ ಉಂಗುರವು ಚಾಣಕ್ಯನ ಕೈಸೇರಿದ ಮೇಲೆ, ಆ ಮುದ್ರೆಯ ಪತ್ರವೇ ರಾಕ್ಷಸನ ಪತನಕ್ಕೆ ಸಾಧನವಾದುದನ್ನು ಸಂಸ್ಕೃತಜ್ಞರು ಬಲ್ಲರು. ಮ್ಯಾಸ್ಟೊಡಾನಿನಲ್ಲಿಯೂ ಮುದ್ರೆಯಿರುವುದು ಸರ್ವರಿನ ಬಳಿಯಲ್ಲಿ. ಮತ್ತೂ ಗಂಭೀರವಾದ ಸಂಗತಿಯೊಂದುಂಟು: ಅಲ್ಲಿ ಇಬ್ಬರೇ ಆಡಿಕೊಳ್ಳುವ ಮಾತನ್ನೂ ಆ ಸರ್ವರಿನ ನಿರ್ವಾಹಕನು ಬಯಸಿದರೆ ಓದಬಹುದು. ಒಬ್ಬ ದೊಡ್ಡ ಒಡೆಯನ ಸ್ಥಾನದಲ್ಲಿ ಹಲವರು ಸಣ್ಣ ಒಡೆಯರು ಬಂದರೆಂಬಷ್ಟೇ ಇದರ ತಾತ್ಪರ್ಯ.

ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವ ವಿಷಯದಲ್ಲಿಯೂ ಹೀಗೆಯೇ. ಕೆ. ಎಸ್. ಪುಟ್ಟಸ್ವಾಮಿಯವರು ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಾಧೀಶರಾಗಿದ್ದರು. ಅವರು ಹೂಡಿದ ದಾವೆಯಲ್ಲಿ ಸರ್ವೋಚ್ಚ ನ್ಯಾಯಾಲಯದ ಒಂಬತ್ತು ಮಂದಿಯ ಪೀಠವು 2017ರ ಆಗಸ್ಟ್ 24ರಂದು ಖಾಸಗಿತನವು ಮೂಲಭೂತ ಹಕ್ಕೆಂದು ಸಾರಿತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮವು ದತ್ತಾಂಶವನ್ನು ತಿದ್ದಿಸುವ, ಅಳಿಸುವ ಹಕ್ಕನ್ನು ಹೇಳಿದೆ. ಒಬ್ಬನೇ ಒಡೆಯನಿದ್ದಲ್ಲಿ ಯಾರನ್ನು ಕೇಳಬೇಕೆಂಬುದು ನಿಶ್ಚಿತ. ಒಡೆಯರು ಸಾವಿರವಿದ್ದಲ್ಲಿ, ಅಳಿಸಿರೆಂಬ ಸೂಚನೆ ಎಲ್ಲೆಡೆಗೆ ಹೋದರೂ ಎಲ್ಲರೂ ಅದನ್ನು ಪಾಲಿಸುವರೆಂಬ ನಿಯಮವಿಲ್ಲ. ಜಾತ್ರೆಯಲ್ಲಿ ಹಾಡಿದ ಪದವನ್ನು ಮರಳಿ ಕರೆಯಲು ಶರೀಫರಿಗೂ ಸಾಧ್ಯವಿರಲಿಲ್ಲ.

ಆದರೆ ಗುಟ್ಟನ್ನು ಕಾಯುವ ಉಪಾಯವು ಪರಂಪರೆಗೆ ತಿಳಿದಿರಲಿಲ್ಲವೆಂದಲ್ಲ. ಅದೇ ಬೆಡಗು. ಸಣ್ಣದು ದೊಡ್ಡದನ್ನು ನುಂಗುವಂತಹ ವಿಪರೀತ ಚಿತ್ರಗಳಿಂದ ಕಟ್ಟಿದ ತತ್ತ್ವಪದವನ್ನು ಸಂತೆಯಲ್ಲಿ ಎಲ್ಲರೂ ಕೇಳುವರು. ಅರ್ಥದ ಕೀಲಿಯು ಮಾತ್ರ ಗುರುವಿನಿಂದ ಪಡೆದವನ ಬಳಿಯಲ್ಲಿರುವುದು. ಮಾತು ಬಯಲಿನಲ್ಲಿ, ಅರ್ಥವು ಕೋಶದಲ್ಲಿ. ಇಂದಿನ ಗೂಢಲಿಪಿಯ ತತ್ತ್ವವೂ ಇದೇ. ಬೆಡಗಿನ ಮಿತಿಯೂ ಅದಕ್ಕೆ ತಗಲಿಕೊಂಡಿದೆ: ಪದದ ಅರ್ಥವು ತಿಳಿಯದವನಿಗೂ, ಯಾವನು ಯಾವ ಗುರುವಿನ ಬಳಿ ಕುಳಿತನೆಂಬುದು ತಿಳಿಯುತ್ತದೆ. ಅರ್ಥವು ಮುಚ್ಚಿದರೂ ಸಂಬಂಧವು ಮುಚ್ಚದು. ಶರೀಫ-ಗೋವಿಂದಭಟ್ಟರ ಮೇಲೆ ಊರವರು ಮುನಿದರೆಂದು ಐತಿಹ್ಯವು ಹೇಳುವುದೂ ಪದಗಳ ಅರ್ಥಕ್ಕಾಗಿ ಅಲ್ಲ, ಒಡನಾಟಕ್ಕಾಗಿ.

ಇಷ್ಟರಿಂದ ಮೂರು ವಸ್ತುಗಳನ್ನು ಬೇರೆಬೇರೆಯಾಗಿ ತಿಳಿಯಬೇಕೆಂಬುದು ಸಿದ್ಧವಾಗುತ್ತದೆ. ಅಜ್ಞಾತತೆಯನ್ನು ಅಂಕಿತವು ಕೊಡುವುದು. ಒಬ್ಬನ ಪ್ರಭುತ್ವದಿಂದ ಬಿಡುಗಡೆಯನ್ನು ಚದರಿದ ಜಾಲವು ಕೊಡುವುದು. ಗೋಪ್ಯವನ್ನು ಇವೆರಡೂ ಕೊಡಲಾರವು. ಅದು ಕೀಲಿಯಿಂದಲೂ, ಅದಕ್ಕಿಂತ ಹೆಚ್ಚಾಗಿ ಕೇಳಿದವನ ಸಂಯಮದಿಂದಲೂ ಬರತಕ್ಕದ್ದು.

ಸಂಪಾದಕರಿಗೆ ಈ ವಿವೇಕವು ಇಂದು ಅತ್ಯಗತ್ಯ. ತತ್ತ್ವಪದಕಾರರ ಹಾಡುಗಳನ್ನು ಧ್ವನಿಮುದ್ರಿಸಿ ಜಾಲಕ್ಕೇರಿಸುವ ಕಾರ್ಯವು ನಡೆಯುತ್ತಿರುವ ಕಾಲದಲ್ಲಿ, ಪಾಠದ ಪ್ರಾಮಾಣ್ಯಕ್ಕಾಗಿ ಹಾಡಿದವರ ಹೆಸರು, ಊರು, ಜಾತಿ, ವಯಸ್ಸುಗಳನ್ನೆಲ್ಲ ಬಯಲಿಗಿಡುವುದು ವಾಡಿಕೆಯಾದರೆ, ಅಂಕಿತದ ಮರೆಯಲ್ಲಿ ಹಾಡುವವರ ಧರ್ಮಕ್ಕೆ ಭಂಗ ಬರುವುದು. ನೆಲೆಯನ್ನು ಬರೆಯುವುದು ಪಾಠಶುದ್ಧಿಗೆ ಸಾಕು. ಉಳಿದುದು ಹಾಡಿದವನ ಒಪ್ಪಿಗೆಯಿಂದಲೇ ಆಗಬೇಕು. ಸರ್ವಜ್ಞನ ವಿಷಯದಲ್ಲಿಯೂ, ಜನ್ಮಕಥೆಯ ತ್ರಿಪದಿಗಳನ್ನು ಆದಿಯಿಂದ ತೆಗೆದು ಅನುಬಂಧದಲ್ಲಿರಿಸುವುದೇ ಮುಂದಿನ ಸಂಪಾದಕರಿಗೆ ಉಚಿತ. ಅವನು ಹೇಳದೆ ಬಿಟ್ಟುದನ್ನು ಅವನ ಬಾಯಿಂದಲೇ ಹೇಳಿಸುವುದು ಪಾಠದೋಷವೂ ಹೌದು, ಗೋಪ್ಯಭಂಗವೂ ಹೌದು.