ಭಯವೂ ನ್ಯಾಯವೂ: ‘ಚಿರಸ್ಮರಣೆ’ಯನ್ನು ಕುರಿತು

ನಿರಂಜನರ ‘ಚಿರಸ್ಮರಣೆ’ 1955ರಲ್ಲಿ ಪ್ರಕಟವಾದ ಕಾದಂಬರಿ. ಅದನ್ನು ಪ್ರಗತಿಶೀಲ ಸಾಹಿತ್ಯದ ಸಾಲಿನಲ್ಲಿ ನಿಲ್ಲಿಸಿ, ಲೇಖಕರ ರಾಜಕೀಯ ನಿಷ್ಠೆಯನ್ನು ಒಪ್ಪುವವರು ಹೊಗಳಿಯೂ ಒಪ್ಪದವರು ಬದಿಗಿಟ್ಟೂ ಸುಮ್ಮನಾಗುವುದು ರೂಢಿ. ಈ ಎರಡು ಬಗೆಯ ಓದಿಗೂ ಒಂದು ಪ್ರಶ್ನೆ ಕಾಣದೆ ಉಳಿಯುತ್ತದೆ. ಭಯಗೊಂಡ ಅಧಿಕಾರವು ತೀರ್ಪು ನೀಡಹೊರಟಾಗ ನ್ಯಾಯದ ಗತಿಯೇನು ಎಂಬುದೇ ಆ ಪ್ರಶ್ನೆ.

ಕಾದಂಬರಿಯ ವಸ್ತು ಚರಿತ್ರೆಗೆ ಸೇರಿದ್ದು. ತೇಜಸ್ವಿನಿ ನದಿಯ ದಡದ ಕಯ್ಯೂರು ಆಗ ಮದರಾಸು ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆಗೆ, ಕಾಸರಗೋಡು ತಾಲೂಕಿಗೆ ಸೇರಿತ್ತು. ಜಮೀನ್ದಾರರ ಸುಲಿಗೆಗೆ ಎದುರಾಗಿ ರೈತರು ಸಂಘ ಕಟ್ಟಿದರು. ಕಮ್ಯೂನಿಸ್ಟ್ ಪಕ್ಷವನ್ನು ಸರಕಾರ 1934ರಿಂದಲೇ ನಿಷೇಧಿಸಿತ್ತಾದ್ದರಿಂದ ರೈತನ ದೂರು ರಾಜದ್ರೋಹವಾಗಿ ಕಂಡಿತು. 1941ರ ಮಾರ್ಚಿಯಲ್ಲಿ ಪೊಲೀಸರ ದಬ್ಬಾಳಿಕೆಯನ್ನು ಪ್ರತಿಭಟಿಸಿ ಹೊರಟ ಮೆರವಣಿಗೆಗೆ ಎದುರಾದ ಪೇದೆ ಸುಬ್ಬರಾಯನ್ ನದಿಯಲ್ಲಿ ಅಸುನೀಗಿದನು. ಅಪ್ಪು, ಚಿರುಕಂಡನ್, ಕುಞ್ಞಂಬು ನಾಯರ್, ಅಬೂಬಕರ್ ಎಂಬ ನಾಲ್ವರನ್ನು 1943ರ ಮಾರ್ಚ್ 29ರಂದು ಕಣ್ಣೂರಿನ ಸೆರೆಮನೆಯಲ್ಲಿ ಗಲ್ಲಿಗೇರಿಸಲಾಯಿತು. ಪಕ್ಷದ ಮೇಲಿನ ನಿಷೇಧ 1942ರಲ್ಲಿಯೇ ತೆರವಾಗಿತ್ತೆಂಬುದನ್ನು ಇಲ್ಲಿ ನೆನೆಯಬೇಕು.

ಇದಕ್ಕೆ ಇಪ್ಪತ್ತು ವರ್ಷಗಳಿಗೂ ಹಿಂದೆ ಅಮೆರಿಕದಲ್ಲಿ ಇಂತಹದೇ ಒಂದು ಪ್ರಸಂಗ ನಡೆದಿತ್ತು. 1919ರ ಸೆಪ್ಟೆಂಬರ್ 30ರ ರಾತ್ರಿ ಅರ್ಕಾನ್ಸಾಸ್ ಸಂಸ್ಥಾನದ ಎಲೇನ್ ಊರಿನ ಬಳಿ, ಹತ್ತಿಗೆ ನ್ಯಾಯವಾದ ಬೆಲೆ ಕೇಳಲು ಸಂಘ ಕಟ್ಟಿದ್ದ ನೀಗ್ರೋ ಗೇಣಿದಾರರು ಚರ್ಚಿನಲ್ಲಿ ಸಭೆ ಸೇರಿದ್ದರು. ಗುಂಡಿನ ಕಾಳಗದಲ್ಲಿ ಒಬ್ಬ ಬಿಳಿಯನು ಸತ್ತನು. ಅನಂತರ ಬಿಳಿಯರ ಗುಂಪುಗಳೂ ಸೈನ್ಯವೂ ನಡೆಸಿದ ಕೊಲೆಗಳ ಲೆಕ್ಕ ಇಂದಿಗೂ ಖಚಿತವಾಗಿಲ್ಲ. ರಷ್ಯದ ಕ್ರಾಂತಿಯ ಭೀತಿ ಆ ದೇಶವನ್ನೆಲ್ಲ ಆವರಿಸಿದ್ದ ಕಾಲವದು. ಹನ್ನೆರಡು ಮಂದಿ ಕರಿಯರಿಗೆ ಮರಣದಂಡನೆ ವಿಧಿಸಲಾಯಿತು. ಆದರೆ 1923ರಲ್ಲಿ ಅಲ್ಲಿಯ ಸರ್ವೋಚ್ಚ ನ್ಯಾಯಾಲಯವು, ಗುಂಪಿನ ಬೆದರಿಕೆಯ ನಡುವೆ ನಡೆದ ವಿಚಾರಣೆ ವಿಚಾರಣೆಯೇ ಅಲ್ಲವೆಂಬ ತತ್ವವನ್ನು ಸ್ಥಾಪಿಸಿತು. ಕೊನೆಗೆ ಹನ್ನೆರಡು ಮಂದಿಯೂ ಬಿಡುಗಡೆ ಹೊಂದಿದರು.

ಸಾಮ್ಯವನ್ನು ಅತಿಯಾಗಿ ಎಳೆಯಬಾರದು. ಎಲೇನಿನಲ್ಲಿ ಮೈಬಣ್ಣವೇ ಅಪರಾಧವಾಯಿತು. ಕೆಂಪು ಭೀತಿ ಅದಕ್ಕೊಂದು ನೆಪ ಒದಗಿಸಿತು. ಕಯ್ಯೂರಿನಲ್ಲಿ ನಾಯರನೂ ಮುಸಲ್ಮಾನನೂ ಒಂದೇ ಗಲ್ಲುಮರವನ್ನು ಹಂಚಿಕೊಂಡರು. ಅಲ್ಲಿ ಆಳುವವರನ್ನು ಹೆದರಿಸಿದ್ದು ಜಾತಿಮತಗಳನ್ನು ದಾಟಿದ ಆ ಐಕ್ಯವೇ. ಎರಡೆಡೆಯಲ್ಲಿಯೂ ಹೊಲದಲ್ಲಿ ದುಡಿಯುವವನು ಲೆಕ್ಕ ಕೇಳಿದ್ದೇ ಮೂಲಕಾರಣ.

ಇನ್ನು ಕೃತಿಯ ಗುಣದೋಷಗಳ ಮಾತು. ಅಪ್ಪು, ಚಿರುಕಂಡ ಎಂಬ ಹುಡುಗರು ಉಪಾಧ್ಯಾಯರ ಪ್ರಭಾವದಲ್ಲಿ ಲೋಕವನ್ನು ಅರಿಯುತ್ತ ಬೆಳೆಯುವ ಭಾಗ ಕಾದಂಬರಿಯ ಜೀವಾಳ. ಭಾಷಣ ಮಾಡಬೇಕೆಂಬ ಆಸೆ ಅಲ್ಲಿ ಕಥೆಯನ್ನು ಮೀರದು. ಆದರೆ ಆ ಇಬ್ಬರಿಗೆ ದೊರೆತ ವಿಸ್ತಾರ ಉಳಿದಿಬ್ಬರಿಗೆ ದೊರೆತಿಲ್ಲ. ಹುತಾತ್ಮರೆಂಬ ಕೀರ್ತಿ ಮೊದಲೇ ನಿಶ್ಚಿತವಾದಾಗ ಪಾತ್ರಗಳ ಸಂದೇಹ, ತಪ್ಪು, ತತ್ತರಗಳಿಗೆ ಎಡೆ ಕಿರಿದಾಗುತ್ತದೆ. ನದಿಯಲ್ಲಿ ಸತ್ತ ಪೇದೆಯೂ ಸಂಬಳಕ್ಕಾಗಿ ದುಡಿದವನೇ; ಅವನನ್ನು ಮರೆತ ಓದು ಅಪೂರ್ಣ.

ಕೊನೆಯದಾಗಿ, ಈ ಕಥೆಯ ಜನರ ಮಾತು ಮಲಯಾಳ. ಕೃತಿ ಪ್ರಕಟವಾದ ಮರುವರ್ಷವೇ ಕಾಸರಗೋಡು ಕೇರಳಕ್ಕೆ ಸೇರಿತು. ಗಡಿಯ ವಿಷಯದಲ್ಲಿ ನಮ್ಮವರು ಪಟ್ಟ ದುಃಖ ನ್ಯಾಯವಾದದ್ದು. ಆದರೂ ನೆಲ ಯಾರದೆಂಬ ವಾದ ಬಿಸಿಯಾಗಿದ್ದಾಗಲೇ ನೆರೆಯ ಭಾಷೆಯ ರೈತರ ನೋವನ್ನು ಕನ್ನಡ ತನ್ನದೆಂದು ಬರೆದಿಟ್ಟಿತೆಂಬುದು ಅದಕ್ಕಿಂತ ಹಿರಿದಾದ ಸಂಗತಿ. ಪರನಾಡಿನಲ್ಲಿ ನೆಲಸಿರುವ ನಮಗೆ ಇದು ದೂರದ ಕಥೆಯೂ ಅಲ್ಲ. ಆ ನಾಲ್ವರ ಶಿಕ್ಷೆಯನ್ನು ಸ್ಥಿರಪಡಿಸಿದ ಹೈಕೋರ್ಟು ಇದೇ ಚೆನ್ನೈ ನಗರದ್ದು.