ತರಗು ಬೆಂಕಿ ನಿಲ್ಲಿಸಿ ಗಳಿಸಿದ್ದೇನು?

ಬಿಳಿಗಿರಿರಂಗನ ಬೆಟ್ಟದ ಸೋಲಿಗ ಬುಡಕಟ್ಟಿನವರು ಒಂದು ಕಾಲದಲ್ಲಿ ವರ್ಷವರ್ಷವೂ ಕಾಡಿನ ನೆಲಕ್ಕೆ ಬೆಂಕಿ ಕೊಡುತ್ತಿದ್ದರು. ಬಿರುಬೇಸಿಗೆಯಲ್ಲಲ್ಲ, ಜನವರಿಯ ಆಸುಪಾಸು, ನೆಲದಲ್ಲಿ ಇಬ್ಬನಿಯ ಪಸೆ ಇನ್ನೂ ಆರದಿದ್ದಾಗ. ಒಣಗಿದೆಲೆಯನ್ನಷ್ಟೇ ಸುಟ್ಟು ಮುಂದಕ್ಕೆ ಸರಿದುಹೋಗುವ ಈ ತರಗು ಬೆಂಕಿಗೆ ದೊಡ್ಡ ಮರಗಳು ಜಗ್ಗುತ್ತಿರಲಿಲ್ಲ. ಉಣ್ಣಿ ಸಾಯುತ್ತಿತ್ತು, ಮೊದಲ ಮಳೆಗೆ ಎಳೆಹುಲ್ಲು ಏಳುತ್ತಿತ್ತು, ಜಿಂಕೆ ಕಾಟಿಗಳಿಗೆ ಮೇವಾಗುತ್ತಿತ್ತು. 1974ರಲ್ಲಿ ಬೆಟ್ಟ ಅಭಯಾರಣ್ಯವಾಯಿತು. ಕಾಡೊಳಗಿನ ಬೇಸಾಯ ನಿಂತಿತು, ಪೋಡು ಎಂಬ ಸೋಲಿಗರ ಊರುಗಳು ಜಾಗ ಬದಲಿಸಿದವು, ಬೆಂಕಿ ಹಚ್ಚುವುದು ಅಪರಾಧವಾಯಿತು. 2011ರಲ್ಲಿ ಅದೇ ಕಾಡು ಹುಲಿ ಸಂರಕ್ಷಿತ ಪ್ರದೇಶವಾಯಿತು.

ಬೆಂಕಿಯಿಂದ ಕಾಡನ್ನು ಕಾಯುವ ಈ ನೀತಿಗೆ ಐವತ್ತು ವರ್ಷ ತುಂಬಿದೆ. ಒಂದು ನೀತಿಯನ್ನು ಅದರ ಉದ್ದೇಶದಿಂದಲ್ಲ, ಫಲದಿಂದ ಅಳೆಯಬೇಕು. ಆ ಅಳತೆಯಲ್ಲಿ ಇದು ಸೋತಿದೆ ಎಂಬುದು ನನ್ನ ತೀರ್ಮಾನ.

ಸೋಲಿನ ಸಾಕ್ಷಿ ಲಂಟಾನ. ದಕ್ಷಿಣ ಅಮೆರಿಕದ ಕಡೆಯ ಈ ಗಿಡವನ್ನು ಹತ್ತೊಂಬತ್ತನೇ ಶತಮಾನದ ಆರಂಭದಲ್ಲಿ ಬ್ರಿಟಿಷರು ಹೂವಿನ ಚೆಂದಕ್ಕೆಂದು ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ತಂದರು. ಹಣ್ಣು ತಿನ್ನುವ ಪಿಕಳಾರದಂಥ ಹಕ್ಕಿಗಳು ಅದನ್ನು ಊರೂರಿಗೆ ಹಂಚಿದವು. ಅದರ ಎಲೆ ವಿಷ, ಮೇಯುವ ಪ್ರಾಣಿಗಳು ಮುಟ್ಟುವುದಿಲ್ಲ. ಕಡಿದರೆ ಬುಡದಿಂದ ಮತ್ತೆ ಚಿಗುರುತ್ತದೆ. ಏಟ್ರೀ ಸಂಸ್ಥೆಯ ಸಂಶೋಧಕರು ಈ ಬೆಟ್ಟದಲ್ಲಿ 1997ರಲ್ಲಿ ಅಳೆದು, 2008ರಲ್ಲಿ ಮತ್ತೆ ಅಳೆದರು: ಲಂಟಾನ ಕಾಣಿಸಿಕೊಂಡ ತಾಕುಗಳು ಹತ್ತಿರಹತ್ತಿರ ಇಮ್ಮಡಿಯಾಗಿದ್ದವು. ನೆಲ್ಲಿ ಮರಗಳ ಮೇಲೆ ಉಪ್ಪಿಲು ಎಂಬ ಬಂದಳಿಕೆಯೂ ಹಬ್ಬಿ ಮರಗಳನ್ನೇ ಸೊರಗಿಸಿದೆ. ತರಗು ಬೆಂಕಿ ಇದ್ದಾಗ ಲಂಟಾನದ ಸಸಿಯೂ ಉಪ್ಪಿಲೂ ಹತೋಟಿಯಲ್ಲಿದ್ದವು ಎನ್ನುತ್ತಾರೆ ಸೋಲಿಗರು.

ಈ ಮಾತನ್ನು ಹಾಗೆಯೇ ನುಂಗಬೇಕಿಲ್ಲ. ಲಂಟಾನ ಈ ಕಾಡಿಗೆ ಬಂದಿದ್ದು 1974ಕ್ಕೆ ಎಷ್ಟೋ ಮೊದಲು. ಮರ ಕಡಿದು ಮೇಲ್ಚಾವಣಿ ಬಯಲಾದದ್ದು, ಬಿದಿರು ಹೂಬಿಟ್ಟು ಸತ್ತದ್ದು, ಮಳೆಯ ಲಯ ತಪ್ಪಿದ್ದು, ಎಲ್ಲವೂ ಅದಕ್ಕೆ ದಾರಿ ಮಾಡಿಕೊಟ್ಟಿರಬಹುದು. ಆದರೆ ಬೆಂಕಿ ನಿಲ್ಲಿಸಿದರೆ ಕಾಡು ತಾನಾಗಿ ಸುಧಾರಿಸುತ್ತದೆ ಎಂದವರ ಬಳಿಯೂ ಅಂಥ ಪುರಾವೆ ಇರಲಿಲ್ಲ. ಒಬ್ಬರಿಂದ ಲೆಕ್ಕ ಕೇಳಿ ಇನ್ನೊಬ್ಬರ ನಂಬಿಕೆಯನ್ನು ಕಾನೂನು ಮಾಡಿದ್ದು ವಿಜ್ಞಾನವೇನಲ್ಲ.

ಬೆಂಕಿಯಾದರೂ ನಿಂತಿತೇ? 2019ರ ಫೆಬ್ರವರಿಯಲ್ಲಿ ಪಕ್ಕದ ಬಂಡೀಪುರದಲ್ಲಿ ಹತ್ತು ಸಾವಿರ ಎಕರೆಗೂ ಹೆಚ್ಚು ಕಾಡು ಉರಿಯಿತು. ಕಿಡಿ ಯಾರದೇ ಇರಲಿ, ಉರಿಯಲು ಬೇಕಾದ ಸರಕು ಅಲ್ಲಿ ಸಿದ್ಧವಿತ್ತು: ವರ್ಷಗಟ್ಟಲೆ ಬಿದ್ದ ತರಗು, ಒಣಗಿ ನಿಂತ ಲಂಟಾನ. ಪೊದೆ ಮರಕ್ಕೆ ಹಬ್ಬಿ ನಿಂತಲ್ಲಿ ನೆಲದ ಬೆಂಕಿಗೆ ಅದೇ ಏಣಿ. ಅರಣ್ಯ ಇಲಾಖೆಯೂ ಪ್ರತಿವರ್ಷ ರಸ್ತೆ ಬದಿಯಲ್ಲಿ, ಗಡಿಯಲ್ಲಿ ಬೆಂಕಿ ರೇಖೆಗಾಗಿ ಹುಲ್ಲು ತರಗು ಸುಡುತ್ತದೆ. ಅಂದರೆ ಬೇಸಿಗೆಗೆ ಮುಂಚೆ ಸುಟ್ಟರೆ ದೊಡ್ಡ ಬೆಂಕಿ ತಪ್ಪುತ್ತದೆ ಎಂಬುದು ಅದಕ್ಕೂ ಗೊತ್ತು. ರೇಖೆಯ ಆಚೆ ಅದೇ ಕೆಲಸವನ್ನು ಸೋಲಿಗ ಮಾಡಿದರೆ ಕೇಸು!

ಹಾಗೆಂದು ನಾಳೆಯೇ ತರಗಿಗೆ ಕಡ್ಡಿ ಗೀರಬಹುದೇ? ಸಲ್ಲದು. ಆಳೆತ್ತರದ ಲಂಟಾನದ ನಡುವೆ ಹಚ್ಚಿದ್ದು ಹಳೆಯ ತರಗು ಬೆಂಕಿಯಾಗದು, ಕಾಳ್ಗಿಚ್ಚಾಗುತ್ತದೆ. ಅಲ್ಲದೆ ಬೇರು ಉಳಿದರೆ ಸುಟ್ಟ ಜಾಗದಲ್ಲೂ ಅದು ಮತ್ತೆ ಏಳುತ್ತದೆ. ಮೊದಲು ಪೊದೆ ತೆಗೆಯಬೇಕು. ದೆಹಲಿ ವಿಶ್ವವಿದ್ಯಾಲಯದ ಸಿ. ಆರ್. ಬಾಬು ಅವರ ತಂಡ ರೂಪಿಸಿದ ವಿಧಾನವಿದೆ: ಹಣ್ಣಾಗುವ ಮುನ್ನ ಬುಡವನ್ನು ನೆಲದ ಕೆಳಗೆ ಕತ್ತರಿಸಿ, ಗಿಡವನ್ನು ತಲೆಕೆಳಗಾಗಿಸಿ ಒಣಗಿಸುವುದು, ಹಕ್ಕಿ ಕೂರುವ ಮರಗಳ ಕೆಳಗೆ ಮೊಳೆತ ಸಸಿಗಳನ್ನು ಕಿತ್ತುಹಾಕುವುದು. ಯಂತ್ರ ನುಗ್ಗಿಸಿ ನೆಲ ಕೆದಕುವುದಕ್ಕಿಂತ ಇದು ಲೇಸು. ಆದರೆ ಹಿಂಬಾಲಿಸಿ ಕಳೆ ತೆಗೆಯದಿದ್ದರೆ ಹಣವೂ ಹೋಯಿತು, ಶ್ರಮವೂ ಹೋಯಿತು. ಇಲಾಖೆಯ ವಾರ್ಷಿಕ ಟೆಂಡರಿಗೆ ಈ ಬಗೆಯ ತಾಳ್ಮೆ ಒಗ್ಗುವುದಿಲ್ಲ. ಮಲೆ ಮಹದೇಶ್ವರ ಬೆಟ್ಟದಲ್ಲಿ ಲಂಟಾನದ ಕಡ್ಡಿಯಿಂದ ಪೀಠೋಪಕರಣ ಮಾಡಲು ಕಲಿತವರಿದ್ದಾರೆ. ಬದುಕಿಗೆ ಅದು ಒಳ್ಳೆಯ ಆಸರೆ, ಆದರೆ ಕಳೆಯ ವಿಸ್ತಾರದ ಮುಂದೆ ಕುರ್ಚಿ ಮೇಜು ಯಾವ ಲೆಕ್ಕ?

ಕಾನೂನಿನ ಅಡ್ಡಿಯೂ ಈಗ ಮೊದಲಿನಷ್ಟಿಲ್ಲ. ಅರಣ್ಯ ಹಕ್ಕು ಕಾಯ್ದೆಯಡಿ 2011ರಲ್ಲೇ ಇಲ್ಲಿನ ಸೋಲಿಗರಿಗೆ ಸಮುದಾಯ ಹಕ್ಕುಪತ್ರ ಸಿಕ್ಕಿದೆ. ಹುಲಿ ಸಂರಕ್ಷಿತ ಪ್ರದೇಶವೊಂದರೊಳಗೆ ಅಂಥ ಹಕ್ಕು ಪಡೆದ ಮೊದಲಿಗರು ಅವರು. ಕಾಡನ್ನು ಕಾಯುವ ಅಧಿಕಾರವನ್ನೂ ಆ ಕಾಯ್ದೆ ಗ್ರಾಮಸಭೆಗೆ ಕೊಟ್ಟಿದೆ. ಆದರೂ ಸೋಲಿಗ ಇಂದು ಕಾಡಿಗೆ ಹೋಗುವುದು ಹೆಚ್ಚಾಗಿ ಬೆಂಕಿ ಕಾವಲಿನ ದಿನಗೂಲಿಯಾಗಿ. ಯಾವ ತಿಂಗಳು, ಯಾವ ಗಾಳಿಗೆ, ಯಾವ ಇಳಿಜಾರಿನಲ್ಲಿ ಬೆಂಕಿ ಹೇಗೆ ಓಡುತ್ತದೆಂದು ಬಲ್ಲವನಿಗೆ ಸೊಪ್ಪಿನ ಕೊಂಬೆ ಕೊಟ್ಟು ಬೆಂಕಿ ಬಡಿಯಲು ಹೇಳುತ್ತೇವೆ. ಇದನ್ನು ಬಲ್ಲ ಹಿರಿಯರು ಒಬ್ಬೊಬ್ಬರಾಗಿ ಕಣ್ಮುಚ್ಚುತ್ತಿದ್ದಾರೆ.

ಇಲಾಖೆ ಒಂದೆರಡು ಕಣಿವೆಗಳಲ್ಲಿ ಲಂಟಾನ ತೆಗೆಸಿ, ಪೋಡಿನ ಯಜಮಾನರ ಸಲಹೆಯಂತೆ ತರಗು ಬೆಂಕಿ ಹಾಯಿಸಿ, ಪಕ್ಕದಲ್ಲಿ ಬೆಂಕಿ ಕಾಣದ ತಾಕುಗಳನ್ನೂ ಉಳಿಸಿಕೊಂಡು, ಹತ್ತು ವರ್ಷ ಅಳೆಯಲಿ. ಸೋಲಿಗರು ಹೇಳಿದ್ದು ತಪ್ಪೆಂದು ತಿಳಿದರೆ ಆಗ ನಿಷೇಧವನ್ನು ಸಮರ್ಥಿಸಿಕೊಳ್ಳಲಿ. ಬರುವ ಜನವರಿಯಲ್ಲೇ ಇದನ್ನು ಶುರುಮಾಡಬಹುದು.