ಚೆರ್ರಿ ತೋಪಿನ ರಂಗಯಾತ್ರೆ

ಆಂತೋನ್ ಚೆಕಾಫನ ‘ಚೆರ್ರಿ ತೋಪು’ 1904ರ ಜನವರಿಯಲ್ಲಿ ಮಾಸ್ಕೋ ಆರ್ಟ್ ಥಿಯೇಟರಿನ ರಂಗವನ್ನೇರಿದಾಗ, ಬರೆದವನು ಅದನ್ನು ಪ್ರಹಸನಕ್ಕೆ ಸಮೀಪವಾದ ಹಾಸ್ಯನಾಟಕವೆಂದೂ, ಆಡಿಸಿದ ಸ್ತಾನಿಸ್ಲಾವ್‌ಸ್ಕಿ ಅದನ್ನು ಕಣ್ಣೀರಿನ ದುರಂತವೆಂದೂ ಬಗೆದಿದ್ದರೆಂಬ ಸಂಗತಿಯೇ ಅದರ ರಂಗಚರಿತ್ರೆಗೆಲ್ಲ ಬೀಜವಾಯಿತು. ಹನ್ನೆರಡು ನಿಮಿಷಗಳಲ್ಲಿ ಮುಗಿಯಬೇಕಾದ ಕೊನೆಯ ಅಂಕವನ್ನು 40 ನಿಮಿಷ ಎಳೆಯುತ್ತಿರುವರೆಂದು ಚೆಕಾಫನು ಪತ್ನಿ ಓಲ್ಗಾ ಕ್ನಿಪ್ಪರಳಿಗೆ ಬರೆದು ಕೊರಗಿದನು; ಅದೇ ವರ್ಷದ ಜುಲೈಯಲ್ಲಿ ಕ್ಷಯಕ್ಕೆ ತುತ್ತಾಗಿ ತೀರಿಕೊಂಡನು. ತೋಪಿನ ಒಡತಿ ರಾನೆವ್‌ಸ್ಕಾಯಳ ಪಾತ್ರವನ್ನು ಮೊದಲು ಧರಿಸಿದ ಕ್ನಿಪ್ಪರಳಾದರೋ, ಕ್ರಾಂತಿಯೂ ಯುದ್ಧಗಳೂ ಕಳೆದ ಮೇಲೆ, 1943ರಲ್ಲಿ ನಡೆದ ಮುನ್ನೂರನೆಯ ಪ್ರಯೋಗದಲ್ಲಿಯೂ ಅದನ್ನೇ ಅಭಿನಯಿಸಿದಳು. ಒಂದು ಪಾತ್ರದೊಡನೆ ಇಷ್ಟು ದೀರ್ಘವಾದ ಸಹವಾಸವು ರಂಗಭೂಮಿಯಲ್ಲಿ ವಿರಳ.

ಅನಂತರದ ನಿರ್ದೇಶಕರಲ್ಲಿ ಇಬ್ಬರನ್ನು ನಾನು ವಿಶೇಷವಾಗಿ ಮೆಚ್ಚುತ್ತೇನೆ. 1974ರಲ್ಲಿ ಮಿಲಾನಿನ ಜಾರ್ಜಿಯೋ ಸ್ತ್ರೇಲರನು ರಂಗವನ್ನೆಲ್ಲ ಶ್ವೇತವರ್ಣದಲ್ಲಿ ಮುಳುಗಿಸಿ, ತರಗೆಲೆಗಳನ್ನು ಹೊತ್ತ ಒಂದು ತೆಳುಪರದೆಯನ್ನು ಪ್ರೇಕ್ಷಕರ ತಲೆಯ ಮೇಲೆಯೇ ಹರಡಿದನು. ತೋಪನ್ನು ಚಿತ್ರಿಸದೆ, ನೋಡುವವರನ್ನೇ ಅದರ ನೆರಳಿನಲ್ಲಿ ಕುಳ್ಳಿರಿಸಿದ ಈ ಕಲ್ಪನೆಗೆ ಸಮನಾದುದು ಅಪರೂಪ. 1981ರಲ್ಲಿ ಪೀಟರ್ ಬ್ರೂಕನು ಪ್ಯಾರಿಸಿನ ಜೀರ್ಣ ರಂಗಮಂದಿರವೊಂದರಲ್ಲಿ ಬರಿಯ ರತ್ನಗಂಬಳಿಗಳನ್ನು ಹಾಸಿ, ನಟರ ಲವಲವಿಕೆಯ ಚಲನೆಯಿಂದಲೇ ಮನೆಯನ್ನು ಕಟ್ಟಿದನು. ಚೆಕಾಫನು ಬಯಸಿದ ಹಗುರು ಅಲ್ಲಿತ್ತು.

ಎಲ್ಲರೂ ಹೊರಟುಹೋದ ಮನೆಯಲ್ಲಿ ಮುದಿಸೇವಕ ಫೀರ್ಸನು ಒಬ್ಬನೇ ಉಳಿದು ಬಾಗಿಲು ಮುಚ್ಚಿಹೋಗುವ ಆ ಮುಕ್ತಾಯದಲ್ಲಿ, ಅದುವರೆಗೆ ನಕ್ಕ ಸಭೆಗೆ ಮಾತ್ರ ಎದೆ ಬಿರಿದೀತು. ಇದನ್ನು ಆಡಹೊರಡುವ ನಮ್ಮ ತಂಡಗಳು ಕರುಣಕ್ಕೆ ಮೊದಲು ಹಾಸ್ಯವನ್ನು ಸಾಧಿಸಿಕೊಳ್ಳಲಿ. ಕೊನೆಯ ಅಂಕವನ್ನು ಚುರುಕಾಗಿ ನಡೆಸಲಿ.